ಮೈಲುತುತ್ತ ಕುಡಿದ ನೆಲ

ಗಾಳಿಬೀಡಿನ ಅಂಚೆ ಕಚೇರಿಯಲ್ಲಿ ನಾನು ಕೂತು ಹದಿನೇಳು ವರ್ಷವಾಯಿತು. ನಮ್ಮ ಮನೆಯವರೆಲ್ಲ ಮಡಿಕೇರಿಯಲ್ಲಿ ದೇವಸ್ಥಾನದ ಪೂಜೆಗೆ ನಿಂತವರು. ಮಂತ್ರ ಬಾಯಿಗೆ ಹತ್ತದ ನಾನೊಬ್ಬ ಅಂಚೆಗೆ ಬಂದೆ. ಈ ಕಿಟಕಿಯಲ್ಲಿ ಜೇನು, ಕಾಳುಮೆಣಸು, ಏಲಕ್ಕಿ, ಮದುವೆಯಾಗಿ ಹೋದ ಮಗಳಿಗೆ ಉಪ್ಪಿನಕಾಯಿ, ಹೀಗೆ ಏನೇನೋ ಪಾರ್ಸಲ್ ಮಾಡಿಸಿದವರನ್ನು ನೋಡಿದ್ದೇನೆ. ಮಣ್ಣನ್ನು ಪಾರ್ಸಲ್ ಮಾಡಿಸಿದವರು ಸಣ್ಣಸ್ವಾಮಿ ಒಬ್ಬರೇ.

ಅವರು ಮೂಲತಃ ಈ ಕಡೆಯವರಲ್ಲ. ಅವರ ತಂದೆ ಹಾಸನ ಜಿಲ್ಲೆಯ ಅರಕಲಗೂಡು ಕಡೆಯಿಂದ ಶಿರಂಗಾಲಕ್ಕೆ ಬಂದು ಒಂದಿಷ್ಟು ಹೊಲ ಮಾಡಿ, ರಾಗಿಯನ್ನೂ ಹೊಗೆಸೊಪ್ಪನ್ನೂ ಬೆಳೆದವರು. ನಾಲ್ವರು ಗಂಡುಮಕ್ಕಳಿಗೆ ಆ ಹೊಲ ಸಾಲದಾಯಿತು. ಮೂರನೆಯವರಾದ ಸಣ್ಣಸ್ವಾಮಿ ಇಪ್ಪತ್ತೆಂಟನೇ ವಯಸ್ಸಿನಲ್ಲಿ ಹೆಂಡತಿ ಕಾಳಮ್ಮನನ್ನು ಕರೆದುಕೊಂಡು ಗಾಳಿಬೀಡಿಗೆ ಬಂದು, ಬೋಜಪ್ಪನವರ ಕಾಫಿ ಎಸ್ಟೇಟಿನಲ್ಲಿ ಕೂಲಿಯವರ ಲೈನ್ ಮನೆ ಹಿಡಿದರು. ಕಾಫಿ ಹಣ್ಣಿನ ಪಿಕ್ಕಿಂಗಿಗೆಂದು ಬಂದವರನ್ನು ಅಲ್ಲಿ ಲೆಕ್ಕ ಬರೆಯುವ ರೈಟರು ಔಷಧಿ ಹೊಡೆಯುವ ಗುಂಪಿಗೆ ಸೇರಿಸಿದರು. ಎರಡನೇ ವರ್ಷವೇ ಔಷಧಿ ಕಲಸುವ ಕೆಲಸ ಅವರ ಕೈಗೆ ಬಂತು. ಮುಂದೆ ಮೂವತ್ತೆರಡು ವರ್ಷ ಅದು ಅವರ ಕೈಬಿಡಲಿಲ್ಲ.

ಔಷಧಿ ಎಂದರೆ ಬೋರ್ಡೋ ದ್ರಾವಣ. ಒಂದು ಪೀಪಾಯಿಯಲ್ಲಿ ತಾಮ್ರದ ನೀಲಿ ಉಪ್ಪಾದ ಮೈಲುತುತ್ತ, ಇನ್ನೊಂದರಲ್ಲಿ ಸುಣ್ಣ, ಎರಡನ್ನೂ ಸಮನಾಗಿ ಮೂರನೆಯದಕ್ಕೆ ಸುರಿಯುತ್ತ ಕೋಲಿನಿಂದ ಕಡೆಯಬೇಕು. ಸುಣ್ಣ ಕಡಿಮೆಯಾದರೆ ಕಾಫಿಯ ಎಲೆ ಸುಟ್ಟುಹೋಗುತ್ತದೆ. ಹೆಚ್ಚಾದರೆ ಔಷಧಿಗೆ ಕಸುವಿರುವುದಿಲ್ಲ. ಸಣ್ಣಸ್ವಾಮಿ ಉಜ್ಜಿ ಬೆಳಗಿದ ಕತ್ತಿಯ ತುದಿಯನ್ನು ಅದ್ದಿ ತೆಗೆದು ನೋಡುತ್ತಿದ್ದರು. ಕಬ್ಬಿಣದ ಮೇಲೆ ಕೆಂಪು ಕೂತರೆ ಇನ್ನೂ ಸುಣ್ಣ ಬೇಕೆಂದು ಅರ್ಥ. ಅವರು ಕಲಸಿದ ದ್ರಾವಣಕ್ಕೆ ಎಲೆ ಸುಟ್ಟದ್ದಿಲ್ಲ ಎಂದು ಸುತ್ತಮುತ್ತಲ ಎಸ್ಟೇಟಿನವರೂ ಹೇಳುತ್ತಿದ್ದರು. ಮುಂಗಾರಿಗೆ ಮುಂಚೆ ಒಂದು ಸಲ, ಮಳೆಯ ನಡುವೆ ಬಿಡುವು ಸಿಕ್ಕರೆ ಇನ್ನೊಂದು ಸಲ, ಮಳೆ ಮುಗಿದ ಮೇಲೆ ಮತ್ತೊಂದು ಸಲ ಎಸ್ಟೇಟಿಡೀ ನೀಲಿ ಹೊಡೆಸಿಕೊಂಡು ನಿಲ್ಲುತ್ತಿತ್ತು. ಎಲೆಗೆ ಬರುವ ತುಕ್ಕು, ಮಳೆಗಾಲದ ಕೊಳೆರೋಗ, ಎಲ್ಲಕ್ಕೂ ಅದೇ ಮದ್ದು. ಸಾಯಂಕಾಲ ಪೀಪಾಯಿ ತೊಳೆದ ನೀರು, ತಳದಲ್ಲಿ ಉಳಿದ ಗಸಿ, ಮಳೆ ಬಂದು ಹೊಡೆಯಲಾಗದೆ ಉಳಿದ ದ್ರಾವಣ, ಎಲ್ಲವನ್ನೂ ಔಷಧಿ ತುಂಬಿಡುವ ಸಿಮೆಂಟು ತೊಟ್ಟಿಯ ಪಕ್ಕದ ಸಮತಟ್ಟು ಜಾಗಕ್ಕೆ ಚೆಲ್ಲುತ್ತಿದ್ದರು. ಬೇರೆಲ್ಲಿ ಚೆಲ್ಲಬೇಕೆಂದು ಯಾರೂ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ.

ಗುಡ್ಡಗಳು ಜರಿದ ಆ ವರ್ಷ ನಮ್ಮ ಕಡೆ ಏನಾಯಿತೆಂದು ಎಲ್ಲರಿಗೂ ಗೊತ್ತು. ಅದರ ಮರುವರ್ಷ, ಅರವತ್ತು ತುಂಬಿದ ಸಣ್ಣಸ್ವಾಮಿ ಕೆಲಸ ಬಿಟ್ಟಾಗ ಬೋಜಪ್ಪನವರು ಅವರಿಗೆ ಐವತ್ತು ಸೆಂಟ್ ಜಾಗ ಬರೆದುಕೊಟ್ಟರು. ಇಳಿಜಾರಿನಲ್ಲಿ ಮನೆ ಕಟ್ಟಲು ಜನ ಹೆದರುತ್ತಿದ್ದ ಕಾಲ ಅದು. ಆದ್ದರಿಂದ ಎಸ್ಟೇಟಿನಲ್ಲಿ ಹುಡುಕಿ, ಸಮತಟ್ಟಾಗಿರುವ, ರಸ್ತೆಗೆ ಹತ್ತಿರವಿರುವ, ಕಾಫಿ ಗಿಡ ಇಲ್ಲದ ಜಾಗವನ್ನೇ ಕೊಟ್ಟರು. ಅದು ಔಷಧಿ ತೊಟ್ಟಿಯ ಪಕ್ಕದ ಜಾಗ. ಅಲ್ಲಿ ಕಾಫಿ ಗಿಡ ಯಾಕಿಲ್ಲ ಎಂದು ಬೋಜಪ್ಪನವರು ಯೋಚಿಸಲಿಲ್ಲ. ಸಣ್ಣಸ್ವಾಮಿ ಆಗ ಯೋಚಿಸಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಸ್ವಂತ ಜಾಗ ಎಂಬ ಸಂತೋಷದಲ್ಲಿ ಅದೆಲ್ಲ ತಲೆಗೆ ಬರುವುದಿಲ್ಲ.

ಅವರ ಮಕ್ಕಳು ಮದುವೆಯಾಗಿ ಕುಶಾಲನಗರದ ಕಡೆ ತಮ್ಮ ಪಾಡಿಗೆ ಚೆನ್ನಾಗಿದ್ದರು. ಗಂಡಹೆಂಡತಿ ಇಬ್ಬರೇ ಸೇರಿ ಎರಡು ಕೋಣೆಯ ಮನೆ ಎಬ್ಬಿಸಿದರು. ಕಾಳಮ್ಮನ ಮನಸ್ಸೆಲ್ಲ ಮನೆಯ ಹಿಂದಿನ ಜಾಗದ ಮೇಲಿತ್ತು. ಲೈನ್ ಮನೆಯ ಬಾಗಿಲಲ್ಲಿ ಹಳೇ ಬಕೆಟ್ಟುಗಳಲ್ಲಿ ಸೊಪ್ಪು ಬೆಳೆದುಕೊಂಡು ಬಂದ ಹೆಂಗಸು ಅವರು. ಅವರದು ಒಳ್ಳೇ ಕೈಗುಣ ಎಂದು ಲೈನಿನ ಹೆಂಗಸರು ಮೆಣಸಿನ ಸಸಿಯನ್ನು ಅವರ ಕೈಯಲ್ಲೇ ಊರಿಸಿಕೊಳ್ಳುತ್ತಿದ್ದರು. ಈಗ ಅವರಿಗೆ ನಿಜವಾದ ನೆಲ ಸಿಕ್ಕಿತ್ತು. ಹುರುಳಿಕಾಯಿ, ಬದನೆ, ಮೆಣಸಿನಕಾಯಿ, ಸಬ್ಬಸಿಗೆ ಎಲ್ಲ ಹಾಕಿದರು. ಎಂಟು ಹತ್ತು ದಿನ ಎಲ್ಲ ಸರಿಯಾಗಿತ್ತು. ಆಮೇಲೆ ಎಲೆಯ ನರ ಮಾತ್ರ ಹಸಿರಾಗಿ ಉಳಿದು ಮಿಕ್ಕದ್ದು ಹಳದಿಗೆ ತಿರುಗಿತು. ಗಿಡ ಗೇಣುದ್ದ ಏಳುವ ಮೊದಲೇ ಒಣಗಿತು. ಬೀಜ ಸರಿಯಿಲ್ಲವೆಂದು ಬೇರೆ ತಂದರು. ಗೊಬ್ಬರ ಹೊತ್ತು ತಂದು ಹಾಕಿದರು. ಮರುವರ್ಷವೂ ಅದೇ ಕಥೆ.

ಮೊದಲ ವರ್ಷವೇ ಸಣ್ಣಸ್ವಾಮಿ ಒಂದು ಬದನೆ ಗಿಡ ಕಿತ್ತು ಬೇರು ನೋಡಿದ್ದರು. ಬೇರು ನೂಲಿನಂತೆ ಹರಡಿರಬೇಕಿತ್ತು. ಅದು ಗಿಡ್ಡವಾಗಿ, ಕಂದುಬಣ್ಣಕ್ಕೆ ತಿರುಗಿ, ಸುಟ್ಟ ಕಡ್ಡಿಯಂತಿತ್ತು. ಗುದ್ದಲಿಯಿಂದ ಎರಡು ಗೇಣು ಅಗೆದಾಗ ಮಣ್ಣಿನಲ್ಲಿ ಹಸಿರುನೀಲಿ ಪದರ ಕಂಡಿತು. ಗುಂಡಿ ಮುಚ್ಚಿ, ಯಾರಿಗೂ ಕಾಣದಂತೆ ಮೇಲೆ ಒಣ ದರಗೆಲೆ ಎಳೆದರು.

ಎರಡನೇ ವರ್ಷ ಕಾಳಮ್ಮ ಬಿತ್ತುವುದನ್ನು ನಿಲ್ಲಿಸಿದ ಮೇಲೆ ಸಣ್ಣಸ್ವಾಮಿ ನನ್ನ ಕಿಟಕಿಗೆ ಬಂದರು. ಕೈಯಲ್ಲಿ ಮಣ್ಣಿನ ಪೊಟ್ಟಣ. ಮಣ್ಣು ಪರೀಕ್ಷೆ ಮಾಡುವವರು ಎಲ್ಲಿದ್ದಾರೆ, ವಿಳಾಸ ಬರೆದುಕೊಡಿ ಎಂದರು. ನಾನು ವಿಚಾರಿಸಿ ಒಂದು ಕೃಷಿ ಕಾಲೇಜಿನ ವಿಳಾಸ ಹುಡುಕಿ ಕಳಿಸಿಕೊಟ್ಟೆ. ಜೊತೆಗಿಡಲು ಒಂದು ಚೀಟಿ ಬರೆಸಿದರು. ಅದರಲ್ಲಿ ಮೂವತ್ತೆರಡು ವರ್ಷ ಆ ಜಾಗಕ್ಕೆ ಏನೇನು ಚೆಲ್ಲಲಾಗಿದೆ ಎಂಬುದನ್ನು ಒಂದೂ ಬಿಡದೆ ಹೇಳಿಸಿದರು. ನನಗೆ ವಿಷಯ ತಿಳಿದದ್ದು ಆಗಲೇ.

ಉತ್ತರ ಬರಲು ಎರಡು ತಿಂಗಳಾಯಿತು. ಇಂಗ್ಲಿಷಿನಲ್ಲಿತ್ತು, ನಾನೇ ಓದಿ ಹೇಳಿದೆ. ಒಂದು ಕಿಲೋ ಮಣ್ಣಿನಲ್ಲಿ ಆರುನೂರ ನಲವತ್ತು ಮಿಲಿಗ್ರಾಂ ತಾಮ್ರ. ಸಾಮಾನ್ಯ ಮಣ್ಣಿನಲ್ಲಿ ಇರುವುದರ ಹತ್ತು ಹದಿನೈದು ಪಾಲು. ಅವರು ಕಿಟಕಿಯ ಕಟ್ಟೆಯ ಮೇಲೆ ಎರಡೂ ಕೈ ಇಟ್ಟರು.

“ಯಾರೋ ಹಾಕಿದ್ದಲ್ಲ ಪೋಸ್ಟ್ ಮೇಷ್ಟ್ರೆ,” ಎಂದರು. “ಇದೇ ಕೈಲಿ ಹಾಕಿದ್ದು.”

ಮನೆಗೆ ಹೋಗಿ ಅದನ್ನೂ, ಮೊದಲ ವರ್ಷ ಅಗೆದಾಗ ಕಂಡದ್ದನ್ನೂ ಹೆಂಡತಿಗೆ ಹೇಳಿದರು. ಆಮೇಲೆ ನಡೆದದ್ದನ್ನು ನನಗೆ ಹೇಳಿದ್ದು ಕಾಳಮ್ಮ, ಎಷ್ಟೋ ದಿನದ ಮೇಲೆ. ನೆಲ ಕೆಟ್ಟದ್ದಕ್ಕೆ ಅವರಿಗೆ ಸಿಟ್ಟು ಬಂದಿರಲಿಲ್ಲ. ಎಸ್ಟೇಟಿನ ಕೆಲಸ, ಹೇಳಿದ್ದನ್ನು ಮಾಡಿದ್ದು. ಆದರೆ ಗಂಡನಿಗೆ ಮೊದಲ ವರ್ಷವೇ ಗೊತ್ತಿತ್ತು ಎಂದು ತಿಳಿದಾಗ ಮಾತ್ರ ಅವರಿಗೆ ತಡೆಯಲಾಗಲಿಲ್ಲ.

“ಎರಡು ವರ್ಸ ನನ್ ಕೈನ ನಾನೇ ಬೈಕೊಂಡೆ,” ಎಂದು ಹೇಳಿದರಂತೆ. “ಕೈಗುಣ ಹೋಯ್ತು, ಏನ್ ಪಾಪ ಮಾಡಿದ್ನೋ ಅಂತ. ನೋಡ್ಕೊಂಡೇ ಇದ್ರಿ. ಆವಾಗ ಬಾಯಿ ಬಿಡ್ನಿಲ್ವಲ್ಲ.”

ಒಂಬತ್ತು ದಿನ ಕಾಳಮ್ಮ ಊಟ ಬಡಿಸಿದರು, ಮಾತು ಬಡಿಸಲಿಲ್ಲ. ಹತ್ತನೇ ದಿನ ಬಾಗಿಲಿಗೆ ಬಂದ ಅಪರಿಚಿತ ಹುಡುಗಿಯೊಬ್ಬಳಿಗೆ ಕಾಫಿ ಕೊಡಬೇಕಾಗಿ ಬಂತು. ಮನೆಗೆ ಬಂದವರೆದುರು ಮಾತಾಡದೆ ಇರಲಾಗದೆ ಅವರ ಮೌನ ಹಾಗೆ ಮುರಿಯಿತು.

ಆ ಹುಡುಗಿಯ ಹೆಸರು ಪವಿತ್ರಾ. ಮಣ್ಣು ಪರೀಕ್ಷೆ ಮಾಡಿದ ಕಾಲೇಜಿನಲ್ಲೇ ಸಂಶೋಧನೆ ಮಾಡುತ್ತಿದ್ದವಳು. ತಾಮ್ರ ಸೇರಿ ಕೆಟ್ಟ ಮಣ್ಣನ್ನು ಗಿಡಗಳಿಂದಲೂ ಶಿಲೀಂಧ್ರಗಳಿಂದಲೂ ಸರಿಪಡಿಸಬಹುದೇ ಎಂಬುದು ಅವಳ ಅಧ್ಯಯನದ ವಿಷಯ. ಸಣ್ಣಸ್ವಾಮಿ ಬರೆಸಿದ್ದ ಚೀಟಿ ಅವಳ ಕೈಗೆ ಸಿಕ್ಕಿತ್ತು. ಇಷ್ಟು ವರ್ಷ ನೆಲಕ್ಕೆ ಏನೇನು ಚೆಲ್ಲಿದೆವೆಂದು ಬಚ್ಚಿಡದೆ ಹೇಳುವವರು ತನಗೆ ಎಲ್ಲೂ ಸಿಕ್ಕಿರಲಿಲ್ಲ ಎಂದು ಅವಳು ಆಮೇಲೆ ನನ್ನ ಹತ್ತಿರ ಹೇಳಿದಳು.

ಅವಳು ಇಡೀ ಜಾಗ ಸುತ್ತಿದಳು. ಬರೀ ನೆಲ, ಅಲ್ಲಲ್ಲಿ ಹಾವಸೆ. ತೊಟ್ಟಿಯ ಬುಡದಲ್ಲಿ, ಔಷಧಿ ಸೋರಿ ಸೋರಿ ಸಿಮೆಂಟೇ ನೀಲಿಯಾಗಿದ್ದ ಕಡೆ, ಗರಿಕೆಯ ಒಂದು ಹಿಡಿ ಹಸಿರಾಗಿತ್ತು. ಅದು ಸಾಯುವ ಜಾತಿಯಲ್ಲ, ತಾನೇ ಎಷ್ಟೋ ಸಲ ಕಿತ್ತೆಸೆದಿದ್ದೇನೆ ಎಂದರು ಸಣ್ಣಸ್ವಾಮಿ. ಪವಿತ್ರಾ ಅಲ್ಲೇ ಮಂಡಿಯೂರಿ ಕೂತು ಆ ಗರಿಕೆಯನ್ನು ಬೇರುಸಹಿತ, ಮಣ್ಣುಸಹಿತ ಮೆಲ್ಲಗೆ ಎತ್ತಿದಳು.

ಬೇರಿನಲ್ಲಿ ಏನಿರಬಹುದೆಂದು ಅವಳು ಅವರಿಗೆ ವಿವರಿಸಿದಳು. ಹೆಚ್ಚಿನ ಗಿಡಗಳ ಬೇರಿನೊಳಗೆ ಒಂದು ಜಾತಿಯ ಶಿಲೀಂಧ್ರ ಮನೆ ಮಾಡಿಕೊಂಡಿರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ನೂಲುಗಳನ್ನು ಮಣ್ಣಿಗೆ ಬಿಟ್ಟು, ಬೇರು ಮುಟ್ಟಲಾಗದ ಜಾಗದಿಂದ ನೀರನ್ನೂ ಸಾರವನ್ನೂ ಗಿಡಕ್ಕೆ ತಂದುಕೊಡುತ್ತದೆ. ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ತಾಮ್ರ ತುಂಬಿದ ಮಣ್ಣಿನಲ್ಲಿ ತಲೆತಲಾಂತರದಿಂದ ಬದುಕಿ ಗಟ್ಟಿಯಾದ ಶಿಲೀಂಧ್ರವಾದರೆ ತಾಮ್ರವನ್ನು ತನ್ನ ನೂಲಿನಲ್ಲೇ ಹಿಡಿದಿಟ್ಟು, ಗಿಡದ ಬೇರು ಸುಡದಂತೆ ನೋಡಿಕೊಳ್ಳುತ್ತದೆ. ಈ ಗರಿಕೆ ಬದುಕಿದ್ದು ಅದರ ಸಹಾಯದಿಂದಲೇ ಇರಬಹುದು.

ಸಣ್ಣಸ್ವಾಮಿ ಎಲ್ಲ ಕೇಳಿ, ಶಿಲೀಂಧ್ರ ಅಂದರೆ ಕಾಫಿಗೆ ಬರುತ್ತಲ್ಲ ತುಕ್ಕು, ಕೊಳೆ, ಅದೇ ಕುಲವೇ ಎಂದು ಕೇಳಿದರು. ಹೌದು, ಅದೂ ಶಿಲೀಂಧ್ರವೇ, ಇದು ಅದರ ದೂರದ ನೆಂಟ ಎಂದಳು ಪವಿತ್ರಾ.

“ಮೂವತ್ತೆರಡು ವರ್ಸ ಬೂಷ್ಟು ಸಾಯ್ಸೋದೇ ನನ್ ಕೆಲಸ ಪವಿತ್ರಮ್ಮ. ಈಗ ಅದುನ್ನ ಸಾಕು ಅಂತೀರಾ.”

“ಹೌದಣ್ಣ,” ಎಂದಳು ಅವಳು. “ನಿಮಗೆ ಬಂದರೆ.”

ಬೋಜಪ್ಪನವರಿಗೆ ಸುದ್ದಿ ಮುಟ್ಟಿತು. ಜೀಪಿನಲ್ಲಿ ಬಂದರು. ಅಂಗಳದಲ್ಲಿ ಕುರ್ಚಿ ಹಾಕಿದರೂ ಕೂರಲಿಲ್ಲ. ಅವರು ಕೆಟ್ಟ ಮನುಷ್ಯರಲ್ಲ. ಕೊಟ್ಟ ಉಡುಗೊರೆ ಹೀಗಾಯಿತಲ್ಲ ಎಂಬ ನಾಚಿಕೆ ಅವರ ಮುಖದಲ್ಲಿ ಕಾಣುತ್ತಿತ್ತು.

“ಸಮತಟ್ಟು ಜಾಗ, ಜರಿಯೋದಿಲ್ಲ ಅಂತ ಕೊಟ್ಟೆ ಮಾರಾಯ. ಮಣ್ಣು ನೋಡ್ಲಿಲ್ಲ,” ಎಂದರು. ಮೇಲಿನ ಬ್ಲಾಕಿನಲ್ಲಿ ಅಷ್ಟೇ ಜಾಗ ಕೊಡುತ್ತೇನೆ, ಇದನ್ನು ಬಿಟ್ಟುಬಿಡು ಎಂದರು.

ಸಣ್ಣಸ್ವಾಮಿ ಬೇಡವೆಂದರು. “ನಾನ್ ಬಿಟ್ಟೋದ್ರೆ ಚೆಲ್ಲಿದ್ದೇನು ಹೋಗಲ್ಲ ಸಾವ್ಕಾರ್ರೆ. ಮಳೇಲಿ ತೋಡಿನ ನೀರಿಗೆ ಇಳೀತದೆ. ಕೆಳಗೆ ಲೈನ್ ಮನೆ ಬಾವಿ ಅದೆ.”

ಕಾಳಮ್ಮ ಮಾತ್ರ ಅಷ್ಟು ದೊಡ್ಡ ಮನಸ್ಸು ಮಾಡಲಿಲ್ಲ. ಮನೆಗಿಂತ ಎತ್ತರದ ಪಾತಳಿಯಲ್ಲಿ, ಔಷಧಿ ನೀರು ಹರಿಯದ ಕಡೆ, ಹತ್ತು ಸೆಂಟ್ ಸೊಪ್ಪು ಬೆಳೆಯಲು ಬಿಟ್ಟರೆ ಸಾಕೆಂದು ಕೇಳಿ ತೆಗೆದುಕೊಂಡರು. ಅದೇ ವಾರ ಅಲ್ಲಿ ಪಾತಿ ಮಾಡಿದರು. ಕೆಳಗಿನ ನೆಲ ನಿಮ್ಮದು, ಮೇಲಿನದು ನನ್ನದು ಎಂದು ಗಂಡನಿಗೆ ಹೇಳಿದರು.

ಪವಿತ್ರಾ ಹೇಳಿಕೊಟ್ಟ ಕೆಲಸದಲ್ಲಿ ಸಣ್ಣಸ್ವಾಮಿಗೆ ಹಿಡಿಸಿದ್ದು ರಾಗಿ. ಗರಿಕೆಯ ಬೇರನ್ನು ಸಣ್ಣಗೆ ಕತ್ತರಿಸಿ, ತೊಳೆದ ಮರಳಿನ ಜೊತೆ ಕುಂಡಗಳಲ್ಲಿ ಹಾಕಿ, ಮೇಲೆ ರಾಗಿ ಬಿತ್ತಬೇಕು. ರಾಗಿಯ ಬೇರು ಬೆಳೆದಂತೆ ಶಿಲೀಂಧ್ರವೂ ಅದರೊಳಗೆ ಬೆಳೆಯುತ್ತದೆ. ಮೂರು ತಿಂಗಳಾದ ಮೇಲೆ ನೀರು ನಿಲ್ಲಿಸಿ ಗಿಡ ಒಣಗಿಸಿ, ಬೇರನ್ನು ಮಣ್ಣಿನ ಸಮೇತ ಪುಡಿ ಮಾಡಿದರೆ ಅದೇ ಶಿಲೀಂಧ್ರದ ಬಿತ್ತನೆ. ಶಿರಂಗಾಲದ ಹೊಲ ಬಿಟ್ಟಮೇಲೆ ಅವರು ರಾಗಿ ಬಿತ್ತಿದ್ದು ಇದೇ ಮೊದಲು. ಅರವತ್ತು ಕುಂಡ ಇಟ್ಟರು. ತೆನೆ ಬಂದಾಗ ಹಕ್ಕಿ ಬಾರದಂತೆ ಹಳೇ ಸೀರೆ ಕಟ್ಟಿದರು. ತೆನೆ ಬೇಕಾಗಿರುವುದಲ್ಲ, ಬೇರು ಮಾತ್ರ ಎಂದು ಪವಿತ್ರಾ ನಕ್ಕರೆ, ತೆನೆಯನ್ನು ಹಕ್ಕಿಗೆ ಬಿಟ್ಟು ರೂಢಿಯಿಲ್ಲ ಎಂದರು.

ಒಂದು ದಿನ ಅವಳು ಚಿಕ್ಕ ಸೂಕ್ಷ್ಮದರ್ಶಕ ತಂದು ಜಗಲಿಯ ಮೇಲೆ ಇಟ್ಟಳು. ಅಂಚೆ ಹಂಚಿ ಬರುತ್ತಿದ್ದ ನನ್ನನ್ನೂ ಕರೆದರು. ರಾಗಿಯ ಬೇರಿನ ಒಂದು ಎಳೆ. ಅದರೊಳಗೆ ಮರದ ಕೊಂಬೆ ರೆಂಬೆಯಂತೆ ಕವಲೊಡೆದ ನೀಲಿ ಗೆರೆಗಳು, ಗೆರೆಗಳ ತುದಿಯಲ್ಲಿ ದುಂಡು ಕಾಳುಗಳು. ಸಣ್ಣಸ್ವಾಮಿ ಕಣ್ಣಿಟ್ಟವರು ತಟ್ಟನೆ ಹಿಂದೆ ಸರಿದು, ಇಲ್ಲೂ ಮೈಲುತುತ್ತ ಸೇರಿದೆಯಲ್ಲ ಎಂದರು. ಆ ನೀಲಿ ಮೈಲುತುತ್ತದ್ದಲ್ಲ, ಕಾಣಿಸಲೆಂದು ತಾನೇ ಹಾಕಿದ ಶಾಯಿ ಎಂದು ಪವಿತ್ರಾ ಹೇಳಿದ ಮೇಲೆ ಮತ್ತೆ ಬಗ್ಗಿದರು. ಬಹಳ ಹೊತ್ತು ನೋಡಿದರು. ಕಾಳಮ್ಮನನ್ನು ಕರೆದು ತೋರಿಸಿದರು. ಕಾಳಮ್ಮ ಒಂದು ಕಣ್ಣು ಮುಚ್ಚಲು ಬಾರದೆ ಕೈಯಿಂದ ಮುಚ್ಚಿಕೊಂಡು ನೋಡಿ, ಚೆನ್ನಾಗದೆ ಎಂದಷ್ಟೇ ಹೇಳಿ ಒಳಗೆ ಹೋದರು.

ಮೇ ತಿಂಗಳಲ್ಲಿ ನಾಟಿಯಾಯಿತು. ತೋಡಿನ ಕಡೆಗೆ ತುಸು ವಾಲಿದ್ದ ನೆಲಕ್ಕೆ ಅಡ್ಡಲಾಗಿ ಲಾವಂಚದ ಸಾಲು, ನಡುವೆ ಗರಿಕೆ. ಅರ್ಧ ಜಾಗಕ್ಕೆ ಪ್ರತಿ ಗುಳಿಗೂ ಒಂದು ಹಿಡಿ ರಾಗಿಬೇರಿನ ಪುಡಿ. ಇನ್ನರ್ಧಕ್ಕೆ ಏನೂ ಇಲ್ಲ, ವ್ಯತ್ಯಾಸ ತಿಳಿಯಬೇಕಲ್ಲ. ಆದರೆ ಗಾಳಿಬೀಡಿನ ಮಳೆ ಯಾರ ಲೆಕ್ಕಕ್ಕೂ ಬಗ್ಗುವುದಲ್ಲ. ಜುಲೈಯಲ್ಲಿ ಒಂದೇ ವಾರದಲ್ಲಿ ನೆಟ್ಟದ್ದರ ಮೂರರಲ್ಲೊಂದು ಪಾಲು ಕಿತ್ತುಕೊಂಡು ತೋಡಿಗೆ ಹೋಯಿತು. ಸಣ್ಣಸ್ವಾಮಿ ಮಳೆಗೆ ತಲೆಯ ಮೇಲೆ ಗೊರಬು ಹಾಕಿಕೊಂಡು ತೋಡಿಗಿಳಿದು, ಬಂಡೆಗಳ ನಡುವೆ ಸಿಕ್ಕಿಕೊಂಡಿದ್ದ ಲಾವಂಚದ ಬುಡಗಳನ್ನು ಆರಿಸಿ ತಂದು ಮತ್ತೆ ನೆಟ್ಟರು. ಬಿದಿರು ಸೀಳಿ ತಡೆ ಕಟ್ಟಿದರು. ಕಲ್ಲು ಹೊತ್ತರು. ಆ ಮಳೆಗಾಲದಲ್ಲಿ ಅವರ ಬೆನ್ನು ಹಿಡಿದುಕೊಂಡದ್ದು ಇಂದಿಗೂ ಬಿಟ್ಟಿಲ್ಲ.

ಮಳೆ ನಿಂತ ಮೇಲೆ ನೋಡಿದರೆ ವ್ಯತ್ಯಾಸ ಹೇಳಬೇಕಾಗಿರಲಿಲ್ಲ. ಪುಡಿ ಹಾಕಿದ ಅರ್ಧ ಸೊಂಟದುದ್ದ ಹಸಿರಾಗಿ ನಿಂತಿತ್ತು. ಹಾಕದ ಅರ್ಧ ಮೊಣಕಾಲೆತ್ತರಕ್ಕೆ ಹಳದಿಯಾಗಿತ್ತು. ಅಕ್ಟೋಬರಿನಲ್ಲಿ ನಡುವಿನ ಸಾಲುಗಳಿಗೆ ಸೂರ್ಯಕಾಂತಿ ಹಾಕಿದರು. ಅದು ಮಣ್ಣಿನಿಂದ ಒಂದಷ್ಟು ತಾಮ್ರವನ್ನು ಮೈಗೆ ಎಳೆದುಕೊಳ್ಳುತ್ತದೆ. ಹೂ ಬಿಟ್ಟ ಮೇಲೆ ಕಡಿದು ತೆಗೆದರೆ ಅಷ್ಟು ತಾಮ್ರ ನೆಲದಿಂದ ಹೋದಂತೆ. ಆದರೆ ಕಡಿದದ್ದನ್ನು ದನಕ್ಕೆ ಹಾಕುವಂತಿಲ್ಲ, ಬಚ್ಚಲೊಲೆಗೆ ಇಡುವಂತಿಲ್ಲ, ಗೊಬ್ಬರದ ಗುಂಡಿಗೆ ಎಸೆಯುವಂತಿಲ್ಲ, ಬೀಜದಿಂದ ಎಣ್ಣೆ ತೆಗೆಯುವಂತಿಲ್ಲ. ಚೀಲದಲ್ಲಿ ಕಟ್ಟಿ ಬೇರೆ ಇಡಬೇಕು.

ಬೆಳೆದದ್ದನ್ನು ಯಾರಿಗೂ ಕೊಡದೆ ಕಾಯುವುದು ರೈತನ ಮಗನಿಗೆ ಬಹಳ ಕಷ್ಟವಾಯಿತು. ರಸ್ತೆಯಲ್ಲಿ ಹೋಗುವ ಪ್ರವಾಸಿಗರು ಕಾರು ನಿಲ್ಲಿಸಿ ಹೂವಿನ ನಡುವೆ ಫೋಟೋ ತೆಗೆಸಿಕೊಂಡು ಒಂದೆರಡು ಹೂ ಕೇಳುತ್ತಿದ್ದರು. ಇವರು ಇಲ್ಲ ಎನ್ನುತ್ತಿದ್ದರು. ಒಮ್ಮೆ ಪಕ್ಕದ ಮನೆಯ ಮಿಲನ್, ಮೂರು ಹಸು ಕಟ್ಟಿ ಡೈರಿಗೆ ಹಾಲು ಹಾಕುವ ಸಂಸಾರಸ್ಥ, ಇವರಿಲ್ಲದ ಹೊತ್ತಿನಲ್ಲಿ ಕಡಿದಿಟ್ಟಿದ್ದ ಒಂದು ಹೊರೆ ಹೊತ್ತುಕೊಂಡು ಹೋದ. ಕಳ್ಳತನ ಎಂದಲ್ಲ, ಬಿಸಾಡುವುದು ತಾನೇ ಎಂದುಕೊಂಡಿದ್ದ. ವಿಷಯ ತಿಳಿದ ಸಣ್ಣಸ್ವಾಮಿ ಬೆನ್ನುನೋವಿನಲ್ಲೇ ಓಡಿಹೋಗಿ ಹಸುವಿನ ಬಾಯಿ ಮುಂದಿನಿಂದ ಹೊರೆ ಎಳೆದರು. ಮಿಲನನಿಗೆ ಸಿಟ್ಟು ಬಂತು. ಎಸೆಯುವ ಸೊಪ್ಪಿಗೂ ಇಷ್ಟು ಜಿಪುಣತನವೇ ಎಂದು ನಾಲ್ಕು ಜನರ ಮುಂದೆ ಅಂದ.

“ಇದು ಸೊಪ್ಪಲ್ಲ ಮಿಲನು, ನಾನ್ ಚೆಲ್ಲಿದ್ ಔಷಧಿ. ಗಿಡ ಎತ್ಕೊಟ್ಟದೆ ಅಷ್ಟೆ. ನಿನ್ ಹಸೂಗೆ ಬೇರೆ ಹುಲ್ಲು ನಾನ್ ಕುಯ್ಕೊಡ್ತೀನಿ,” ಎಂದರು ಸಣ್ಣಸ್ವಾಮಿ.

ಮಾತಿಗೆ ಅಂದದ್ದಲ್ಲ. ಒಂದು ವಾರ ದಿನಾ ಬೆಳಿಗ್ಗೆ ಮೇಲಿನ ಬ್ಲಾಕಿನಿಂದ ಹುಲ್ಲು ಕುಯ್ದು ಅವನ ಕೊಟ್ಟಿಗೆಗೆ ಹಾಕಿ ಬಂದರು. ಎಂಟನೇ ದಿನ ಮಿಲನನೇ ಬಂದು ಸಾಕೆಂದ. ಆಮೇಲೆ ಚೀಲ ಕಟ್ಟುವಾಗ ಬಂದು ಕೈಜೋಡಿಸಲು ಶುರುಮಾಡಿದ. ಚೀಲಗಳನ್ನು ಎಲ್ಲಿಡುವುದೆಂಬ ಪ್ರಶ್ನೆ ಬಂದಾಗ ಬೋಜಪ್ಪನವರು ಹಳೇ ಸಿಮೆಂಟು ತೊಟ್ಟಿಯನ್ನೇ ಬಿಟ್ಟುಕೊಟ್ಟು, ಅದಕ್ಕೆ ತಗಡಿನ ಮಾಡು ಹಾಕಿಸಿದರು. ಎಸ್ಟೇಟಿನಲ್ಲಿ ಪೀಪಾಯಿ ತೊಳೆದ ನೀರನ್ನು ನೆಲಕ್ಕೆ ಚೆಲ್ಲುವುದನ್ನೂ ನಿಲ್ಲಿಸಿದರು. ಆ ನೀರಿನಲ್ಲೇ ಮರುದಿನದ ಔಷಧಿ ಕಲಸಬೇಕೆಂದು ಸಣ್ಣಸ್ವಾಮಿ ಹೊಸ ಕೆಲಸಗಾರರಿಗೆ ತೋರಿಸಿಕೊಟ್ಟರು.

ಮೂರು ವರ್ಷ ಹೀಗೆ ನಡೆಯಿತು. ಪವಿತ್ರಾಳ ಅಧ್ಯಯನ ಮುಗಿಯುವ ಹೊತ್ತಿಗೆ ಅವಳು ಕೊನೆಯ ಪರೀಕ್ಷೆಯ ಫಲಿತಾಂಶ ತೆಗೆದುಕೊಂಡು ತಾನೇ ಬಂದಳು, ಅಂಚೆಗೆ ಹಾಕಲಿಲ್ಲ. ಜಗಲಿಯಲ್ಲಿ ಕೂತು ವಿವರವಾಗಿ ಹೇಳಿದಳು. ಮಣ್ಣಿನಲ್ಲಿರುವ ಒಟ್ಟು ತಾಮ್ರ ಹೆಚ್ಚುಕಡಿಮೆ ಮೊದಲಿನಷ್ಟೇ ಇದೆ. ಸೂರ್ಯಕಾಂತಿ ಎತ್ತಿದ್ದು ಬಹಳ ಕಡಿಮೆ. ಆದರೆ ನೀರಿನಲ್ಲಿ ಕರಗಿ ಓಡಾಡುವ, ಬೇರು ಸುಡುವ ತಾಮ್ರ, ಶಿಲೀಂಧ್ರ ಹಾಕಿದ ಕಡೆ ಅರ್ಧಕ್ಕರ್ಧ ಇಳಿದಿದೆ. ತೋಡಿನ ಕೆಸರಿಗೆ ಹೊಸದಾಗಿ ಸೇರುವುದು ಸುಮಾರಾಗಿ ನಿಂತಿದೆ. ಬಾವಿಯ ನೀರಿಗೆ ಏನೂ ಆಗಿಲ್ಲ.

ಪೂರ್ತಿ ಹೋಗಲು ಎಷ್ಟು ವರ್ಷ ಬೇಕೆಂದು ಸಣ್ಣಸ್ವಾಮಿ ಕೇಳಿದರು. ಅವಳು ಸುಳ್ಳು ಹೇಳಲಿಲ್ಲ.

“ನಿಮ್ಮ ಕಾಲಕ್ಕೆ ಆಗಲ್ಲ ಅಣ್ಣ. ನನ್ನ ಕಾಲಕ್ಕೂ ಆಗಲಿಕ್ಕಿಲ್ಲ.”

ಅವರು ತಲೆಯಾಡಿಸಿದರು. “ಹಾಕಕ್ಕೇ ಮೂವತ್ತೆರಡು ವರ್ಸ ಹಿಡೀತಲ್ಲ,” ಎಂದರು.

ಅವಳನ್ನು ಬಸ್ಸು ಹತ್ತಿಸಿ ಬಂದ ಮೇಲೆ ಎರಡು ದಿನ ಅವರು ಕೆಳಗಿನ ನೆಲಕ್ಕೆ ಇಳಿಯಲಿಲ್ಲ. ಬೇಸರವಾಗಿತ್ತು ಎಂದು ಕಾಣುತ್ತದೆ. ಮೂರನೇ ದಿನ ನಾನು ಆ ದಾರಿಯಲ್ಲಿ ಹೋಗುವಾಗ ಕಾಳಮ್ಮ ಮೇಲಿನ ಪಾತಳಿಯಿಂದ ಇಳಿದುಬಂದು, ಪುಡಿ ಹಾಕದೆ ಬಿಟ್ಟಿದ್ದ ಅರ್ಧದಲ್ಲಿ ಕೂತು ಗುಳಿ ತೋಡುತ್ತಿದ್ದರು. ಪಕ್ಕದಲ್ಲಿ ರಾಗಿಬೇರಿನ ಪುಡಿಯ ಬುಟ್ಟಿ. ಗಂಡನಿಗೆ ಬಗ್ಗಲಾಗುವುದಿಲ್ಲ, ಪರೀಕ್ಷೆ ಮುಗಿಯಿತಲ್ಲ, ಈ ಅರ್ಧವನ್ನು ಇನ್ನೂ ಯಾಕೆ ಒಣಗಿಸಬೇಕು ಎಂದರು. ಸಣ್ಣಸ್ವಾಮಿ ಪಕ್ಕದಲ್ಲಿ ನಿಂತು ಲಾವಂಚದ ಬುಡ ಒಂದೊಂದಾಗಿ ಬಿಡಿಸಿ ಅವರ ಕೈಗೆ ಕೊಡುತ್ತಿದ್ದರು.

ಸುದ್ದಿ ಪಿಕ್ಕಿಂಗಿನವರ ಬಾಯಿಂದ ಬಾಯಿಗೆ ಹೋಗಿ ಶ್ರೀಮಂಗಲದವರೆಗೆ ಮುಟ್ಟಿತು. ಈ ವರ್ಷ ಫೆಬ್ರವರಿಯಲ್ಲಿ ಅಲ್ಲಿಂದ ಲಿಂಗಿ ಎಂಬ ಹೆಂಗಸು ಎರಡು ಬಸ್ಸು ಬದಲಿಸಿ ಹುಡುಕಿಕೊಂಡು ಬಂದರು. ಐವತ್ತರ ಹತ್ತಿರದ ವಯಸ್ಸು, ಒಂದು ಎಸ್ಟೇಟಿನ ನರ್ಸರಿಯಲ್ಲಿ ಕೆಲಸ. ಔಷಧಿ ತೊಟ್ಟಿ ಹತ್ತಿರದ ಮಣ್ಣು ತುಂಬಿಸಿದ ಚೀಲಗಳಲ್ಲಿ ಕಾಫಿ ಸಸಿ ಸಾಲುಸಾಲಾಗಿ ಸಾಯುತ್ತಿದೆ, ಬಂದು ನೋಡಬೇಕು ಎಂದರು. ಮನೆಯಲ್ಲಿ ಅವರದು ಬೇರೆ ಭಾಷೆ. ಕನ್ನಡವನ್ನು ನಿಧಾನವಾಗಿ, ಹುಡುಕಿ ಹುಡುಕಿ ಆಡುತ್ತಿದ್ದರು. ಕಾಳಮ್ಮ ಊಟ ಹಾಕಿ ಕಳಿಸಿದರು.

ಮುಂದಿನ ಭಾನುವಾರ ಸಣ್ಣಸ್ವಾಮಿ ಹೊರಟರು. ಬೆನ್ನಿನ ದೆಸೆಯಿಂದ ಒಬ್ಬರೇ ಪುಡಿಯ ಚೀಲ ಹೊರಲಾಗದೆಂದು ನಾನೂ ಜೊತೆಗೆ ಹೋದೆ. ಲಿಂಗಿ ನಮ್ಮನ್ನು ನರ್ಸರಿಗೆ ಕರೆದುಕೊಂಡು ಹೋದರು. ಸಣ್ಣಸ್ವಾಮಿ ಸತ್ತ ಸಸಿಗಳ ಕಡೆ ಹೆಚ್ಚು ನೋಡಲಿಲ್ಲ. ತೊಟ್ಟಿ ಎಲ್ಲಿದೆ, ತೊಳೆದ ನೀರು ಯಾವ ಕಡೆ ಹೋಗುತ್ತದೆ ಎಂದು ಕೇಳಿ, ಅದು ಹರಿದ ದಾರಿ ಹಿಡಿದು ಗದ್ದೆಯ ಅಂಚಿನವರೆಗೂ ನಡೆದರು. ನಮ್ಮ ರಾಗಿಬೇರಿನ ಪುಡಿ ತಂದಿದ್ದೇನೆ, ಆದರೆ ಇಲ್ಲಿಯ ಮಣ್ಣಿಗೆ ಇಲ್ಲಿ ಬದುಕಿ ಪಳಗಿದ್ದು ಸಿಕ್ಕರೆ ಇನ್ನೂ ಒಳ್ಳೆಯದು, ಪವಿತ್ರಮ್ಮ ಹಾಗೆ ಹೇಳಿದ್ದಾರೆ ಎಂದು ಲಿಂಗಿಗೆ ತಿಳಿಸಿದರು. ಮೂವರೂ ಸೇರಿ ಹುಡುಕಿದೆವು. ಗರಿಕೆ ಎಲ್ಲೂ ಇರಲಿಲ್ಲ. ಕೊನೆಗೆ ಲಿಂಗಿಯೇ ಕಲ್ಲಿನ ಸಂದಿಯಲ್ಲಿ, ನೀಲಿ ಕಲೆಯ ನಡುವೆ, ಹೆಸರೇ ಗೊತ್ತಿಲ್ಲದ ಒಂದು ಸಣ್ಣ ಹುಲ್ಲನ್ನು ತೋರಿಸಿದರು. ಮಳೆಗಾಲ ಬೇಸಿಗೆ ಎರಡರಲ್ಲೂ ಅದು ಇಲ್ಲಿರುತ್ತದೆ, ತಾನು ನೋಡಿದ್ದೇನೆ ಎಂದರು.

ಸಣ್ಣಸ್ವಾಮಿ ಬಗ್ಗಲು ಹೋಗಿ ಬೆನ್ನು ಹಿಡಿದುಕೊಂಡು ನಿಂತರು. ಲಿಂಗಿ ಕತ್ತಿ ತೆಗೆದುಕೊಂಡು ತಾವೇ ಕೂತರು.

“ಮೆಲ್ಲಗೆ,” ಎಂದರು ಸಣ್ಣಸ್ವಾಮಿ. “ಬೇರು ಹರೀಬಾರ್ದು. ಸುತ್ತ ಮಣ್ಣು ಬಿಡು.”

ಲಿಂಗಿ ಸುತ್ತ ಒಂದು ಗೇಣು ಮಣ್ಣು ಬಿಟ್ಟು ಕತ್ತಿ ಊರಿದರು.